ಹಾಲಿಗೆ ಬೇಲಿ ಬೇಕು, ಬೇಲಿಯೊಳಗೆ ಮೇವೂ ಬೇಕು

ನೀಲಗಿರಿ ಜಿಲ್ಲೆಯ ಪಡುವಣ ಅಂಚಿನಲ್ಲಿ, ಕೇರಳದ ವಯನಾಡಿಗೆ ತಾಗಿಕೊಂಡಿರುವ ಚೇರಂಬಾಡಿ ಚಹಾದ ಊರು. ಬೆಳೆದವನ ಕೈಯಲ್ಲಿ ಬೆಳೆಯ ಬೆಲೆ ಇರುವುದಿಲ್ಲ ಎಂಬ ಸತ್ಯವನ್ನು ಇಲ್ಲಿನ ಸಣ್ಣ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಸಿರೆಲೆಯ ದರ ಎಲ್ಲೋ ನಡೆಯುವ ಹರಾಜಿನ ನೆರಳು. ಕಾಳುಮೆಣಸಿನದೂ ಅದೇ ಕಥೆ. ವಿಯೆಟ್ನಾಂನಲ್ಲಿ ಬೆಳೆದ ಅಗ್ಗದ ಮೆಣಸು ಶ್ರೀಲಂಕಾದ ದಾರಿಯಾಗಿ ಬರುತ್ತಿದೆ ಎಂಬ ಕೂಗು ಬಲವಾದಾಗ, 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋ ಒಂದಕ್ಕೆ 500 ರೂಪಾಯಿಯ ಕನಿಷ್ಠ ಆಮದು ಬೆಲೆಯನ್ನು ನಿಗದಿಮಾಡಬೇಕಾಯಿತು.

ಇವೆರಡರ ನಡುವೆ ಹಾಲು ಮಾತ್ರ ಬೇರೆಯದೆಂದು ತೋರುತ್ತದೆ. ಬೆಳಗ್ಗೆ ಕರೆದ ಹಾಲು ಮಧ್ಯಾಹ್ನದೊಳಗೆ ಕೆಡುತ್ತದೆ. ಅದು ಹಡಗು ಹತ್ತಿ ಸಮುದ್ರ ದಾಟಿ ಬರುವ ಸರಕಲ್ಲ. ಆದ್ದರಿಂದ ಕೊಟ್ಟಿಗೆಯ ಎರಡು ಹಸುಗಳಿಗೂ ಹೊರದೇಶದ ಮಾರುಕಟ್ಟೆಗೂ ಸಂಬಂಧವಿಲ್ಲವೆಂದು ಭಾವಿಸುವುದು ಸಹಜ. ಈ ಭಾವನೆ ಅರ್ಧ ಮಾತ್ರ ನಿಜ. ಸಮುದ್ರ ದಾಟಿ ಹಾಲು ಬರುವುದಿಲ್ಲ, ಹಾಲಿನ ಪುಡಿ ಬರುತ್ತದೆ. ಆ ಪುಡಿ ಚೇರಂಬಾಡಿಯ ಯಾವ ಅಂಗಡಿಗೂ ಬಾರದೆಯೇ ಇಲ್ಲಿನ ಹಾಲಿನ ಬೆಲೆಯನ್ನು ಇಳಿಸಬಲ್ಲದು. ಹೈನುಗಾರರನ್ನು ಅನ್ಯಾಯದ ಆಮದಿನಿಂದ ಕಾಪಾಡಬೇಕೆಂಬ ಮಾತು ಅರ್ಥವಾಗಬೇಕಾದರೆ ಮೊದಲು ಈ ಪುಡಿಯ ಲೆಕ್ಕವನ್ನು ತಿಳಿಯಬೇಕು.

ಪುಡಿಯ ಲೆಕ್ಕ

ಮಳೆ ಬಿದ್ದು ಹಸಿರು ಮೇವು ಹೆಚ್ಚಿದ ತಿಂಗಳುಗಳಲ್ಲಿ ಹಸುಗಳು ಹೆಚ್ಚು ಹಾಲು ಕೊಡುತ್ತವೆ. ಬೇಸಿಗೆಯಲ್ಲಿ ಹಾಲು ಇಳಿಯುತ್ತದೆ. ಕುಡಿಯುವವರ ಬೇಡಿಕೆ ಮಾತ್ರ ವರ್ಷವಿಡೀ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಡೇರಿಗಳು ಹೆಚ್ಚಾದ ಹಾಲಿನಿಂದ ಕೆನೆ ತೆಗೆದು ಬೆಣ್ಣೆ ಮಾಡಿ, ಉಳಿದದ್ದನ್ನು ಒಣಗಿಸಿ ಪುಡಿಯಾಗಿ ಕೂಡಿಡುತ್ತವೆ. ಸುಮಾರು 100 ಲೀಟರ್ ಹಾಲಿನಿಂದ 9 ಕಿಲೋದಷ್ಟು ಕೆನೆರಹಿತ ಪುಡಿ ದೊರೆಯುತ್ತದೆ. ಬೇಸಿಗೆಯಲ್ಲಿ ಅದೇ ಪುಡಿ ನೀರಿನೊಡನೆ ಕೂಡಿ ಮತ್ತೆ ಹಾಲಾಗುತ್ತದೆ. ಇಲ್ಲವೇ ಬಿಸ್ಕತ್ತು, ಐಸ್‌ಕ್ರೀಮ್, ಸಿಹಿತಿಂಡಿಗಳ ತಯಾರಕರಿಗೆ ಮಾರಾಟವಾಗುತ್ತದೆ. ಹೀಗೆ ಪುಡಿಯೆಂಬುದು ಹಾಲಿನ ಕಣಜ.

ಕಣಜದ ಬೆಲೆ ಬಿದ್ದರೆ ಹೊಲದ ಬೆಲೆಯೂ ಬೀಳುತ್ತದೆ. ಪುಡಿಯ ದರ ಕಿಲೋಗೆ 50 ರೂಪಾಯಿ ಇಳಿಯಿತೆನ್ನೋಣ. 9 ಕಿಲೋಗೆ 450 ರೂಪಾಯಿ, ಎಂದರೆ ಪುಡಿಯಾಗುವ ಪ್ರತಿ ಲೀಟರ್ ಹಾಲಿಗೆ ನಾಲ್ಕೂವರೆ ರೂಪಾಯಿ ನಷ್ಟ. ಖಾಸಗಿ ಡೇರಿ ಈ ನಷ್ಟವನ್ನು ಮರುದಿನವೇ ರೈತನ ತಲೆಗೆ ಕಟ್ಟಬಲ್ಲದು. ಸಹಕಾರ ಸಂಘ ಕೆಲಕಾಲ ತಾಳಿಕೊಂಡೀತು. ಆದರೆ ಗೋದಾಮಿನಲ್ಲಿ ಪುಡಿ ತುಂಬಿ ಬಂಡವಾಳ ಸಿಕ್ಕಿಕೊಂಡಾಗ ಅಲ್ಲಿಯೂ ಬಟವಾಡೆ ತಡವಾಗುತ್ತದೆ. ದಿನಕ್ಕೆ 10 ಲೀಟರ್ ಹಾಲು ಹಾಕುವ ಮನೆಗೆ ಲೀಟರಿಗೆ ನಾಲ್ಕೂವರೆ ರೂಪಾಯಿ ಎಂದರೆ ತಿಂಗಳಿಗೆ 1,350 ರೂಪಾಯಿ. ಶಾಲೆಗೆ ಹೋಗುವ ಇಬ್ಬರು ಮಕ್ಕಳಿರುವ ಮನೆಯಲ್ಲಿ ಈ ಮೊತ್ತದ ಬೆಲೆಯೇನೆಂಬುದನ್ನು ವಿವರಿಸಬೇಕಾಗಿಲ್ಲ. 2023ರ ಡಿಸೆಂಬರ್‌ನಲ್ಲಿ ತಮಿಳುನಾಡು ಸರ್ಕಾರ ಆವಿನ್‌ಗೆ ಹಾಲು ಹಾಕುವವರಿಗೆ ಲೀಟರಿಗೆ 3 ರೂಪಾಯಿಯ ಪ್ರೋತ್ಸಾಹಧನ ಕೊಟ್ಟಾಗ ಹಸುವಿನ ಹಾಲಿನ ದರ 35ರಿಂದ 38 ರೂಪಾಯಿಗೆ ಏರಿತು. ಪುಡಿಯ ಮಾರುಕಟ್ಟೆಯ ಒಂದು ಕುಸಿತ ಇಂತಹ ಏರಿಕೆಯನ್ನು ಸದ್ದಿಲ್ಲದೆ ನುಂಗಿಬಿಡಬಲ್ಲದು.

ಇದು ಬರಿಯ ಊಹೆಯಲ್ಲ. ಯುರೋಪ್ ಒಕ್ಕೂಟ 2015ರ ಮಾರ್ಚ್ 31ರಂದು ತನ್ನ ರೈತರ ಹಾಲು ಉತ್ಪಾದನೆಗೆ ಹಾಕಿದ್ದ ಮಿತಿಯನ್ನು ತೆಗೆದುಹಾಕಿತು. ಹಾಲು ಉಕ್ಕಿತು, ಬೆಲೆ ಬಿತ್ತು. ಬಿದ್ದ ಬೆಲೆಯನ್ನು ಎತ್ತಲು ಒಕ್ಕೂಟವೇ 3.5 ಲಕ್ಷ ಟನ್‌ಗೂ ಹೆಚ್ಚು ಪುಡಿಯನ್ನು ಕೊಂಡು ಗೋದಾಮುಗಳಲ್ಲಿ ಇಟ್ಟಿತು. ಆ ದಾಸ್ತಾನಿನ ಭಾರದಿಂದ ಜಗತ್ತಿನ ಪುಡಿಯ ಮಾರುಕಟ್ಟೆ 2018ರವರೆಗೂ ಮೇಲೇಳಲಿಲ್ಲ. ಅದೇ ವರ್ಷ ಭಾರತದಲ್ಲಿಯೂ ಹಾಲು ಹೆಚ್ಚಿತ್ತು. ಪುಡಿಯನ್ನು ಹೊರದೇಶಕ್ಕೆ ಕಳುಹಿಸೋಣವೆಂದರೆ ಅಲ್ಲಿ ಗಿಟ್ಟುವ ಬೆಲೆಯಿರಲಿಲ್ಲ. ಜುಲೈ ತಿಂಗಳಿನಲ್ಲಿ ಮಹಾರಾಷ್ಟ್ರದ ರೈತರು ಹಾಲನ್ನು ರಸ್ತೆಗೆ ಸುರಿದು ಪ್ರತಿಭಟಿಸಿದರು. ಸುಂಕದ ಗೋಡೆ ಇದ್ದಾಗಲೇ ಹೊರಗಿನ ಗಾಳಿ ಇಷ್ಟು ಬಿರುಸಾಗಿ ತಾಗಿತು. ಗೋಡೆಯೇ ಇಲ್ಲದಿದ್ದರೆ ಏನಾಗುತ್ತಿತ್ತೆಂಬುದನ್ನು ಇದರಿಂದ ಊಹಿಸಬಹುದು.

ಯಾವುದು ಅನ್ಯಾಯ?

ಅಗ್ಗವಾದುದೆಲ್ಲ ಅನ್ಯಾಯವಲ್ಲ. ಈ ವಿವೇಚನೆ ಇಲ್ಲದಿದ್ದರೆ ವಾದ ದುರ್ಬಲವಾಗುತ್ತದೆ. ನ್ಯೂಜಿಲೆಂಡ್ ಐವತ್ತು ಲಕ್ಷಕ್ಕಿಂತ ತುಸು ಹೆಚ್ಚು ಜನರಿರುವ ದೇಶ. ಅಲ್ಲಿನ ಒಂದೊಂದು ಹೈನು ತೋಟದಲ್ಲಿ ಸರಾಸರಿ 400ಕ್ಕೂ ಹೆಚ್ಚು ಹಸುಗಳು ವರ್ಷವಿಡೀ ಹುಲ್ಲುಗಾವಲಿನಲ್ಲಿ ಮೇಯುತ್ತವೆ. ಉತ್ಪಾದನೆಯ ಸುಮಾರು ಶೇಕಡಾ 95 ಭಾಗ ರಫ್ತಾಗುತ್ತದೆ. ಅಲ್ಲಿನ ಸರ್ಕಾರ ರೈತರಿಗೆ ಹೇಳಿಕೊಳ್ಳುವಂತಹ ಸಹಾಯಧನವನ್ನು ಕೊಡುವುದಿಲ್ಲ. ಅವರ ಹಾಲು ಅಗ್ಗವಾಗಿರುವುದು ಹವೆ, ಹುಲ್ಲು ಮತ್ತು ಹಿಂಡಿನ ಗಾತ್ರದಿಂದ. ಯುರೋಪ್ ಮತ್ತು ಅಮೆರಿಕದ ಸಂಗತಿ ಬೇರೆ. ಅಲ್ಲಿ ರೈತರ ಬೆನ್ನಿಗೆ ಸರ್ಕಾರದ ಬೊಕ್ಕಸವಿದೆ. ಖರ್ಚಿಗಿಂತ ಕಡಿಮೆ ಬೆಲೆಗೆ ಮಾರಿದರೂ ಮುಳುಗದೆ ಉಳಿಯುವ ಅನುಕೂಲ ಅವರಿಗಿದೆ.

ಮೂರು ಬಗೆಯ ಪೆಟ್ಟಿಗೆ ಅಂತರರಾಷ್ಟ್ರೀಯ ನಿಯಮಗಳೇ ಮೂರು ಬಗೆಯ ಗುರಾಣಿಗಳನ್ನು ಕೊಟ್ಟಿವೆ. ಸ್ವದೇಶದಲ್ಲಿ ಮಾರುವ ಬೆಲೆಗಿಂತ ಕಡಿಮೆಗೆ ಹೊರದೇಶದಲ್ಲಿ ತಂದು ಸುರಿದರೆ ಡಂಪಿಂಗ್ ವಿರೋಧಿ ಸುಂಕ. ಸಹಾಯಧನದಿಂದ ಅಗ್ಗವಾದ ಸರಕಿಗೆ ಅದನ್ನು ಸರಿದೂಗಿಸುವ ಸುಂಕ. ನ್ಯಾಯವಾಗಿಯೇ ಬಂದರೂ ಏಕಾಏಕಿ ಪ್ರವಾಹದಂತೆ ನುಗ್ಗಿದರೆ ತಾತ್ಕಾಲಿಕ ರಕ್ಷಣಾ ಸುಂಕ. ಆದರೆ ಇವನ್ನು ಹೂಡಲು ತನಿಖೆಯಾಗಬೇಕು, ಹಾನಿಯನ್ನು ಸಾಬೀತುಪಡಿಸಬೇಕು; ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ದೊಡ್ಡ ಕಾರ್ಖಾನೆ ತಿಂಗಳುಗಟ್ಟಲೆ ಕಾಯಬಹುದು. ಹಿಂಡಿಯ ಸಾಲ ತೀರಿಸಬೇಕಾದ ಮನೆ ಮೂರು ಬಟವಾಡೆ ತಪ್ಪಿದರೆ ಹಸುವನ್ನೇ ಮಾರುತ್ತದೆ. ಮಾರಿದ ಹಸು ಬೆಲೆ ಏರಿದ ಮಾತ್ರಕ್ಕೆ ಕೊಟ್ಟಿಗೆಗೆ ಹಿಂದಿರುಗುವುದಿಲ್ಲ; ಕರು ಬೆಳೆದು ಹಾಲು ಕೊಡಲು ಎರಡು ಮೂರು ವರ್ಷಗಳೇ ಬೇಕು. ಪೆಟ್ಟು ಬಿದ್ದ ಮೇಲೆ ಹಿಡಿಯುವ ಗುರಾಣಿಗಿಂತ ಮೊದಲೇ ಕಟ್ಟಿದ ಬೇಲಿ ಹಾಲಿನ ವಿಷಯದಲ್ಲಿ ಹೆಚ್ಚು ಮುಖ್ಯವಾಗುವುದು ಈ ಕಾರಣದಿಂದ.

ಉಚಿತ ಪುಡಿ ಕಲಿಸಿದ ಪಾಠ

ಹೊರಗಿನ ಪುಡಿಯೊಡನೆ ಭಾರತದ ಸಂಬಂಧ ಹಳೆಯದು. ಸ್ವಾತಂತ್ರ್ಯ ಬಂದ ಮೊದಲ ದಶಕಗಳಲ್ಲಿ ನಗರಗಳ ಹಾಲು ಯೋಜನೆಗಳು ಆಮದಿನ ಪುಡಿಯನ್ನು ನಂಬಿದ್ದವು. ಅಗ್ಗದ ಪುಡಿ ದೊರೆಯುವವರೆಗೆ ಹಳ್ಳಿಗೆ ಹೋಗಿ ಹಾಲು ಕೊಳ್ಳುವ ತೊಂದರೆ ಯಾರಿಗೂ ಬೇಕಾಗಿರಲಿಲ್ಲ. ಗುಜರಾತಿನ ಆಣಂದದಲ್ಲಿ 1946ರ ಡಿಸೆಂಬರ್‌ನಲ್ಲಿ ನೋಂದಣಿಯಾದ ಖೇಡಾ ಜಿಲ್ಲಾ ಹಾಲು ಉತ್ಪಾದಕರ ಒಕ್ಕೂಟ, ಎಂದರೆ ಇಂದಿನ ಅಮುಲ್, ಈ ಜಾಡನ್ನು ತಿರುಗಿಸಿತು. ಎಮ್ಮೆಯ ಹಾಲನ್ನು ಪುಡಿ ಮಾಡಲಾಗದೆಂಬ ನಂಬಿಕೆ ಆಗ ಪ್ರಬಲವಾಗಿತ್ತು. ಎಚ್.ಎಂ. ದಲಾಯ ಅದನ್ನು ಮಾಡಿ ತೋರಿಸಿದರು. 1955ರಲ್ಲಿ ಆಣಂದದ ಪುಡಿ ಕಾರ್ಖಾನೆ ಆರಂಭವಾಯಿತು. ಅದೇ ವರ್ಷ ಕೊಡಗಿನ ಕೂಡಿಗೆಯಲ್ಲಿಯೂ ಡೇರಿ ತೆರೆಯಿತು.

ನಿಜವಾದ ಪರೀಕ್ಷೆ ಬಂದದ್ದು 1970ರಲ್ಲಿ. ಯುರೋಪಿನಲ್ಲಿ ಹಾಲಿನ ಪುಡಿ ಮತ್ತು ಬೆಣ್ಣೆ ಬೆಟ್ಟದಂತೆ ಬೆಳೆದಿದ್ದವು. ಅದರಲ್ಲಿ 1,26,000 ಟನ್ ಪುಡಿ ಮತ್ತು 42,000 ಟನ್ ಬೆಣ್ಣೆ ಎಣ್ಣೆ ವಿಶ್ವ ಆಹಾರ ಕಾರ್ಯಕ್ರಮದ ಮೂಲಕ ಭಾರತಕ್ಕೆ ದಾನವಾಗಿ ಬಂದಿತು. ದಾನವನ್ನು ಹಾಗೆಯೇ ಹಂಚಿದ್ದರೆ ದೇಶದ ಹಾಲಿನ ಬೆಲೆ ನೆಲಕಚ್ಚಿ ಹಸು ಸಾಕುವವರೇ ಇಲ್ಲದಂತಾಗುತ್ತಿತ್ತು. ವರ್ಗೀಸ್ ಕುರಿಯನ್ ಮತ್ತು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಬೇರೆ ದಾರಿ ಹಿಡಿದರು. ಪುಡಿಯನ್ನು ಮಹಾನಗರಗಳ ಡೇರಿಗಳಿಗೆ ದೇಶದ ಬೆಲೆಗೆ ಧಕ್ಕೆಯಾಗದ ದರದಲ್ಲಿ ಮಾರಿ, ಬಂದ ಹಣದಿಂದ ಹಳ್ಳಿಗಳಲ್ಲಿ ಸಹಕಾರ ಸಂಘ, ಶೀತಲ ಕೇಂದ್ರ, ಪಶು ಆಹಾರ ಕಾರ್ಖಾನೆಗಳನ್ನು ಕಟ್ಟಿದರು. ಕ್ಷೀರ ಕ್ರಾಂತಿಯೆಂದು ಹೆಸರಾದುದು ಈ ಕಾರ್ಯವೇ. ಕರ್ನಾಟಕದಲ್ಲಿ 1974ರಲ್ಲಿ ವಿಶ್ವ ಬ್ಯಾಂಕಿನ ನೆರವಿನಿಂದ ಹೈನು ಅಭಿವೃದ್ಧಿ ನಿಗಮ ಹುಟ್ಟಿ, 1984ರಲ್ಲಿ ಅದು ಕರ್ನಾಟಕ ಹಾಲು ಮಹಾಮಂಡಳವಾಯಿತು. ತಮಿಳುನಾಡಿನ ಸಹಕಾರಿ ಮಹಾಮಂಡಳ ಆವಿನ್ ಹೆಸರಿನಲ್ಲಿ ಬೆಳೆಯಿತು. 1998ರ ಹೊತ್ತಿಗೆ ಭಾರತ ಜಗತ್ತಿನಲ್ಲೇ ಅತಿ ಹೆಚ್ಚು ಹಾಲು ಉತ್ಪಾದಿಸುವ ದೇಶವಾಯಿತು. 2023–24ರಲ್ಲಿ ಇಲ್ಲಿನ ಉತ್ಪಾದನೆ 23.9 ಕೋಟಿ ಟನ್.

ಹೊರಗಿನ ಪುಡಿಯೇ ವಿಷವಲ್ಲ. ಅದು ಯಾವ ಬೆಲೆಗೆ, ಯಾರ ಹಿಡಿತದಲ್ಲಿ, ಯಾವ ಉದ್ದೇಶಕ್ಕೆ ಬರುತ್ತದೆಂಬುದೇ ಮುಖ್ಯ ಎಂಬುದು ಆ ದಿನಗಳು ಕಲಿಸಿದ ಪಾಠ.

ಬೇಲಿ ಎದ್ದ ಬಗೆ

ಹಾಲಿನ ಕೊರತೆಯಿದ್ದ ಕಾಲದಲ್ಲಿ ಭಾರತ ಪುಡಿಯ ಮೇಲೆ ಸುಂಕವನ್ನೇ ಹಾಕುವುದಿಲ್ಲವೆಂದು ಜಾಗತಿಕ ಒಪ್ಪಂದದಲ್ಲಿ ಮಾತು ಕೊಟ್ಟಿತ್ತು. ಆಮದಿನ ಪ್ರಮಾಣಕ್ಕೆ ನೇರ ನಿರ್ಬಂಧವಿದ್ದುದರಿಂದ ಆ ಮಾತಿನ ಅಪಾಯ ಕಾಣಿಸಲಿಲ್ಲ. ಆದರೆ ವಿಶ್ವ ವ್ಯಾಪಾರ ಸಂಘಟನೆಯಲ್ಲಿ ಅಮೆರಿಕ ಹೂಡಿದ ದಾವೆಯಲ್ಲಿ 1999ರಲ್ಲಿ ಭಾರತ ಸೋತಿತು. 2001ರ ಏಪ್ರಿಲ್ 1ರ ಹೊತ್ತಿಗೆ ಪ್ರಮಾಣ ನಿರ್ಬಂಧಗಳನ್ನೆಲ್ಲ ತೆಗೆಯಬೇಕಾಯಿತು. ಅಷ್ಟರಲ್ಲಿ ಸುಂಕದ ಮಾತನ್ನು ಮತ್ತೆ ಚರ್ಚಿಸಿ ಬದಲಿಸಿಕೊಳ್ಳದಿದ್ದರೆ ಬಾಗಿಲು ಹಾರು ಹೊಡೆದಂತಾಗುತ್ತಿತ್ತು. ಮರುಮಾತುಕತೆ ನಡೆಯಿತು. ವರ್ಷಕ್ಕೆ 10,000 ಟನ್‌ವರೆಗಿನ ಪುಡಿಗೆ ಶೇಕಡಾ 15, ಅದನ್ನು ಮೀರಿದರೆ ಶೇಕಡಾ 60ರವರೆಗೆ ಸುಂಕ ಎಂದು ತೀರ್ಮಾನವಾಯಿತು. ಇಂದಿಗೂ ಪುಡಿಗೆ ಶೇಕಡಾ 60, ಬೆಣ್ಣೆಗೆ 40, ಚೀಸಿಗೆ 30ರ ಸುಂಕವೇ ಭಾರತದ ಹೈನುಗಾರರ ಬೇಲಿ.

ಈ ಬೇಲಿಯನ್ನು ಅತಿ ಜೋರಾಗಿ ಅಲುಗಾಡಿಸಿದ್ದು ಹದಿನಾರು ದೇಶಗಳ ಪ್ರಾದೇಶಿಕ ಸಮಗ್ರ ಆರ್ಥಿಕ ಸಹಭಾಗಿತ್ವದ ಮಾತುಕತೆ. ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾ ಎರಡೂ ಅದರಲ್ಲಿದ್ದವು. ಒಪ್ಪಂದವಾದರೆ ಸುಂಕ ಹಂತಹಂತವಾಗಿ ಇಳಿದು ಅಗ್ಗದ ಪುಡಿ ಬರುವುದೆಂದು ದೇಶದ ಹಾಲು ಒಕ್ಕೂಟಗಳೂ ರೈತ ಸಂಘಟನೆಗಳೂ ಪ್ರಬಲವಾಗಿ ವಿರೋಧಿಸಿದವು. 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ಒಪ್ಪಂದದಿಂದ ಹೊರಗುಳಿಯುವ ನಿರ್ಧಾರವನ್ನು ಪ್ರಕಟಿಸಿತು. ಮುಂದೆ ಆಸ್ಟ್ರೇಲಿಯಾದೊಡನೆ 2022ರಲ್ಲಿ, ಬ್ರಿಟನ್‌ನೊಡನೆ 2025ರ ಜುಲೈನಲ್ಲಿ ವ್ಯಾಪಾರ ಒಪ್ಪಂದಗಳಾದಾಗ ಹಾಲಿನ ಉತ್ಪನ್ನಗಳನ್ನು ಹೊರಗಿಡಲಾಯಿತು. 2025ರ ಡಿಸೆಂಬರ್‌ನಲ್ಲಿ ನ್ಯೂಜಿಲೆಂಡ್‌ನೊಡನೆಯೇ ಮಾತುಕತೆ ಮುಗಿದಾಗಲೂ ಭಾರತ ಈ ಪಟ್ಟನ್ನು ಬಿಡಲಿಲ್ಲ.

ಬೇಲಿಯ ಒಳಗಿನ ಬಾಗಿಲು

ಬೇಲಿ ಗಟ್ಟಿಯಾಗಿದೆಯೆಂದು ನಿಶ್ಚಿಂತರಾಗುವಂತಿಲ್ಲ. ಶೇಕಡಾ 15ರ ಸುಂಕದ 10,000 ಟನ್ ಕೋಟಾ ಬೇಲಿಯಲ್ಲಿರುವ ಸಣ್ಣ ಬಾಗಿಲು. ತಂದ ಬೆಲೆ ಕಿಲೋಗೆ 200 ರೂಪಾಯಿ ಇರುವ ಪುಡಿ ಶೇಕಡಾ 60ರ ಸುಂಕದಲ್ಲಿ 320 ರೂಪಾಯಿಯಾಗುತ್ತದೆ. 15ರ ಸುಂಕದಲ್ಲಿ ಕೇವಲ 230. ಈ 90 ರೂಪಾಯಿಯ ಅಂತರವೇ ಬಾಗಿಲಿನ ಅಗಲ.

2024ರ ಜೂನ್ ಕೊನೆಯ ವಾರದಲ್ಲಿ ಕೇಂದ್ರ ಸರ್ಕಾರ ಈ ಕೋಟಾದಡಿ 10,000 ಟನ್ ಪುಡಿಯ ಆಮದಿಗೆ ಅನುಮತಿ ನೀಡಿತು. ಅದೇ ವಾರ ಕರ್ನಾಟಕದಲ್ಲಿ ಹಾಲು ಹೆಚ್ಚಾಗಿ, ದಿನದ ಸಂಗ್ರಹ ಒಂದು ಕೋಟಿ ಲೀಟರಿನ ಸಮೀಪಕ್ಕೆ ಬಂದಿತ್ತು. ಅದನ್ನು ಖರ್ಚು ಮಾಡುವ ದಾರಿಯಾಗಿ ಮಹಾಮಂಡಳ ನಂದಿನಿಯ ಪ್ರತಿ ಪೊಟ್ಟಣಕ್ಕೆ 50 ಮಿಲಿಲೀಟರ್ ಹಾಲು ಸೇರಿಸಿ 2 ರೂಪಾಯಿ ಬೆಲೆ ಏರಿಸಿತ್ತು. ಒಂದೆಡೆ ಹಾಲು ಉಕ್ಕುತ್ತಿರುವಾಗ ಇನ್ನೊಂದೆಡೆ ಅಗ್ಗದ ಪುಡಿಗೆ ಬಾಗಿಲು ತೆರೆಯಿತು. 10,000 ಟನ್ ಪುಡಿಯೆಂದರೆ ಸುಮಾರು 11 ಕೋಟಿ ಲೀಟರ್ ಹಾಲು. ಕರ್ನಾಟಕದ ಅಷ್ಟೂ ಒಕ್ಕೂಟಗಳ ಹನ್ನೊಂದು ದಿನಗಳ ಸಂಗ್ರಹ. ದೇಶದ ವರ್ಷದ ಉತ್ಪಾದನೆಯ ಮುಂದೆ ಇದು ಕಡಲಿಗೆ ಬಿದ್ದ ಹನಿಯೇ ಸರಿ. ಆದರೆ ಕೊಳ್ಳುವವರು ಬೆಲೆ ಇಳಿಯುವುದೆಂದು ಕಾದು ಕುಳಿತರೆ ಹನಿಯೇ ಸಾಕಾಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯನ್ನು ರೈತರು ನೆನೆಯುವುದು ಇಂತಹ ಹೊತ್ತಿನಲ್ಲಿ.

ಸರ್ಕಾರದ ಇಕ್ಕಟ್ಟೂ ಇಲ್ಲದಿಲ್ಲ. 2022ರಲ್ಲಿ ಚರ್ಮಗಂಟು ರೋಗ ಹಸುಗಳ ಹಿಂಡನ್ನೇ ಬಾಧಿಸಿದ ಮೇಲೆ ಹಾಲು, ಬೆಣ್ಣೆ, ತುಪ್ಪದ ಬೆಲೆಗಳು ಏರಿದವು. 2023ರ ಏಪ್ರಿಲ್‌ನಲ್ಲಿ ಬೆಣ್ಣೆ, ತುಪ್ಪವನ್ನು ಆಮದು ಮಾಡುವ ಮಾತು ಕೇಳಿಬಂದು, ವಿರೋಧ ವ್ಯಕ್ತವಾದಾಗ ಹಿಂದೆ ಸರಿಯಿತು. ಹಾಲು ಕೊಳ್ಳುವ ಕೂಲಿಕಾರನ ಮನೆಯಲ್ಲಿಯೂ ಮಕ್ಕಳಿದ್ದಾರೆ. ಅವರಿಗೆ ಹಾಲು ಎಟುಕದಂತಾಗುವುದು ರೈತನ ಗೆಲುವಲ್ಲ. ಹಾಗಿದ್ದರೆ ಅಗ್ಗದ ಆಮದು ಕೊಳ್ಳುವವರಿಗಾದರೂ ಒಳಿತಲ್ಲವೇ? ಈ ಪ್ರಶ್ನೆಗೆ ಉತ್ತರವನ್ನು ಚೇರಂಬಾಡಿಯವರು ದೂರದಲ್ಲಿ ಹುಡುಕಬೇಕಾಗಿಲ್ಲ.

ನೆರೆಯ ದ್ವೀಪದ ಕಥೆ

1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದಂತೆ ಶ್ರೀಲಂಕಾದ ತೋಟಗಳಿಂದ ಮರಳಿದ ತಮಿಳು ಕುಟುಂಬಗಳಿಗಾಗಿ ತಮಿಳುನಾಡು ಸರ್ಕಾರ 1968ರಲ್ಲಿ ಚಹಾ ಯೋಜನೆಯನ್ನು ಆರಂಭಿಸಿತು. ಅದೇ ಇಂದಿನ ಟಾನ್‌ಟೀ. ಚೇರಂಬಾಡಿಯ ಟಾನ್‌ಟೀ ತೋಟಗಳಲ್ಲಿ ದುಡಿದ ಆ ಮನೆಗಳ ಮಕ್ಕಳು ಕನ್ನಡ, ಮಲಯಾಳಂ ಮನೆಗಳ ಮಕ್ಕಳೊಡನೆ ಆಡಿ ಬೆಳೆದಿದ್ದಾರೆ. ಅವರ ಹಿರಿಯರು ಬಿಟ್ಟುಬಂದ ದ್ವೀಪದಲ್ಲಿ ಹಾಲೆಂದರೆ ಬಹಳ ಮಟ್ಟಿಗೆ ಪುಡಿಯೇ. ನ್ಯೂಜಿಲೆಂಡ್ ಮೊದಲಾದ ದೇಶಗಳಿಂದ ಬರುವ ಪುಡಿಯನ್ನು ಕದಡಿ ಚಹಾ ಮಾಡುವುದು ಅಲ್ಲಿನ ಮನೆಮನೆಯ ರೂಢಿ. ಅಗ್ಗದ ಪುಡಿ ಸುಲಭವಾಗಿ ಸಿಗುತ್ತಿದ್ದ ಕಾಲದಲ್ಲಿ ಸ್ವಂತ ಹೈನುಗಾರಿಕೆ ಹಿಂದೆ ಬಿದ್ದಿತು. 2021ರಲ್ಲಿ ಡಾಲರ್ ಕೊರತೆ ತಲೆದೋರಿದಾಗ ಪುಡಿಯ ಹಡಗುಗಳು ತಡವಾದವು. ಬೆಲೆ ಏರಿತು, ಅಂಗಡಿಗಳ ಮುಂದೆ ಸಾಲುಗಳು ಬೆಳೆದವು. 2022ರ ಬಿಕ್ಕಟ್ಟಿನಲ್ಲಿ ಮಕ್ಕಳ ಲೋಟಕ್ಕೇ ಹಾಲಿಲ್ಲದಂತಾಯಿತು. ಬೇಕೆಂದಾಗ ತಾಳುವ ಹಸು ಕೊಟ್ಟಿಗೆಯಲ್ಲಿ ಇರಲಿಲ್ಲ.

ಕೆರಿಬಿಯನ್ ದ್ವೀಪ ಜಮೈಕಾದಲ್ಲಿಯೂ ಹೀಗೆಯೇ ಆಯಿತು. 1990ರ ದಶಕದಲ್ಲಿ ಸಾಲದ ಷರತ್ತಿಗೆ ಒಳಪಟ್ಟು ಸುಂಕ ಇಳಿಸಿದ ಮೇಲೆ, ಸಹಾಯಧನ ಪಡೆದ ವಿದೇಶಿ ಪುಡಿ ಬಂದಿಳಿಯಿತು. ಅಲ್ಲಿನ ರೈತರು ಹಾಲನ್ನು ನೆಲಕ್ಕೆ ಚೆಲ್ಲಿ, ಹಸುಗಳನ್ನು ಕಸಾಯಿಖಾನೆಗೆ ಕಳುಹಿಸಿದರು. ಆಮದಿನ ಅಗ್ಗ ಕೊಳ್ಳುವವನಿಗೆ ಸಾಲವಾಗಿ ಬರುತ್ತದೆ. ಸ್ವಂತ ಹೈನು ಅಳಿದ ಮೇಲೆ ಆ ಸಾಲವನ್ನು ಬಡ್ಡಿಸಹಿತ ತೀರಿಸಬೇಕಾಗುತ್ತದೆ.

ಬೇಲಿಯೊಳಗಿನ ಮೇವು

ಆದರೂ ಒಂದು ಮಾತನ್ನು ಮರೆಯುವಂತಿಲ್ಲ. ಬೇಲಿ ಹೊಲವನ್ನು ಕಾಯುತ್ತದೆಯೇ ಹೊರತು ಬೆಳೆ ಬೆಳೆಸುವುದಿಲ್ಲ. ಸುಂಕದ ಮರೆಯಲ್ಲಿ ಕುಳಿತು ಹಾಲಿನ ಖರ್ಚು ಏರುತ್ತಲೇ ಹೋದರೆ ಬೇಲಿಯ ಮೇಲಿನ ಒತ್ತಡವೂ ಏರುತ್ತದೆ. ಹೈನುಗಾರನ ಖರ್ಚಿನಲ್ಲಿ ದೊಡ್ಡ ಪಾಲು ಮೇವಿನದು. ಗೂಡಲೂರು, ಪಂದಲೂರು ಭಾಗದಲ್ಲಿ ಹುಲ್ಲು ಕೊಯ್ಯಲು ಹೋಗುವವರಿಗೆ ಆನೆಯ ಭಯ. ಮಸಿನಗುಡಿಯ ಕಡೆಯಲ್ಲಿ ಹುಲಿ ಸಂರಕ್ಷಿತ ಅರಣ್ಯದ ಕಟ್ಟುಪಾಡುಗಳಿಂದ ಮೇಯಿಸುವ ನೆಲ ಕುಗ್ಗಿದೆ. ಹಿಂಡಿ, ಬೂಸಾ ಬಯಲುಸೀಮೆಯಿಂದ ಘಟ್ಟ ಹತ್ತಿ ಬರಬೇಕು. ಇಲ್ಲಿನ ರೈತನಿಗೆ ಹಸಿರು ಮೇವಿನ ತಾಕು, ಹೊತ್ತಿಗೆ ಒದಗುವ ಪಶುವೈದ್ಯ, ಲಸಿಕೆ, ಹಾಲಿನ ಕೊಬ್ಬನ್ನು ಮೋಸವಿಲ್ಲದೆ ಅಳೆಯುವ ಯಂತ್ರ ಇವು ಸುಂಕದಷ್ಟೇ ಮುಖ್ಯವಾದ ರಕ್ಷಣೆ. ಕರ್ನಾಟಕ ಸರ್ಕಾರ 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಆರಂಭಿಸಿ 2016ರಲ್ಲಿ 5 ರೂಪಾಯಿಗೆ ಏರಿಸಿದ ಪ್ರೋತ್ಸಾಹಧನವೂ ಅಂತಹ ಮೇವಿನ ಒಂದು ಬಗೆ.

ಮೇವಿನಷ್ಟೇ ಮುಖ್ಯವಾದುದು ಕುಡಿಯುವವರ ಬೇಡಿಕೆ. ಇದರ ಅತ್ಯುತ್ತಮ ನಿದರ್ಶನ ಶಾಲೆಯಲ್ಲಿಯೇ ಇದೆ. ಕರ್ನಾಟಕದಲ್ಲಿ 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಮಕ್ಕಳಿಗೆ 18 ಗ್ರಾಂ ಪುಡಿಯಿಂದ ಮಾಡಿದ 150 ಮಿಲಿಲೀಟರ್ ಬಿಸಿ ಹಾಲು ದೊರೆಯುತ್ತದೆ. ವಾರಕ್ಕೆ ಮೂರು ದಿನ ಇದ್ದುದು ಮುಂದೆ ಐದು ದಿನವಾಯಿತು. ಮಗುವಿಗೆ ಪೌಷ್ಟಿಕತೆ, ಗೋದಾಮಿನ ಪುಡಿಗೆ ಗಿರಾಕಿ, ರೈತನ ಬಟವಾಡೆಗೆ ಭದ್ರತೆ: ಒಂದೇ ಲೋಟದಲ್ಲಿ ಮೂರು ಕೆಲಸ. ತಮಿಳುನಾಡಿನ ಶಾಲೆಗಳಲ್ಲಿ 2022ರ ಸೆಪ್ಟೆಂಬರ್‌ನಿಂದ ಬೆಳಗಿನ ಉಪಾಹಾರ ಯೋಜನೆ ನಡೆಯುತ್ತಿದೆ. ಅದರೊಡನೆ ಆವಿನ್‌ನ ಒಂದು ಲೋಟ ಹಾಲೂ ಸೇರಿದರೆ ನೀಲಗಿರಿಯ ಮಕ್ಕಳಿಗೂ ಕೊಟ್ಟಿಗೆಗಳಿಗೂ ಏಕಕಾಲಕ್ಕೆ ಒಳಿತಾಗುತ್ತದೆ. ಪಾಲಕರ ಸಭೆಗಳು ಕೇಳಬಹುದಾದ ಬೇಡಿಕೆಯಿದು.

ಮನೆಗಳು ಮಾಡಬಹುದಾದುದೂ ಉಂಟು. ಆಮದಾದ ಆಹಾರದ ಪೊಟ್ಟಣದ ಮೇಲೆ ಮೂಲ ದೇಶದ ಹೆಸರನ್ನು ಮುದ್ರಿಸಬೇಕೆಂಬುದು ನಿಯಮ. ಚೀಸ್, ಬೆಣ್ಣೆ, ಹಾಲಿನ ಪುಡಿಯನ್ನು ಕೊಳ್ಳುವಾಗ ಅದನ್ನು ಓದುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಬಹುದು. ಹಾಲು ಹಾಕುವ ಮನೆಗಳು ಸಂಘದ ಮಹಾಸಭೆಗೆ ತಪ್ಪದೆ ಹೋಗಿ ಲೆಕ್ಕ ಕೇಳಬಹುದು. ಸಂಘ ಬಲವಾಗಿದ್ದಲ್ಲಿ ಗ್ರಾಹಕ ಕೊಡುವ ರೂಪಾಯಿಯ ಹೆಚ್ಚಿನ ಪಾಲು ರೈತನಿಗೆ ತಲಪುತ್ತದೆ, ಸಂಘ ಸೊರಗಿದಲ್ಲಿ ಮಧ್ಯವರ್ತಿಗೆ ಹೋಗುತ್ತದೆ.

ದೇಶದಲ್ಲಿ ಹೈನುಗಾರಿಕೆಯನ್ನು ನಂಬಿದ ಗ್ರಾಮೀಣ ಕುಟುಂಬಗಳು ಸುಮಾರು 8 ಕೋಟಿ. ಅವುಗಳಲ್ಲಿ ಹೆಚ್ಚಿನವು ಎರಡು ಮೂರು ಹಸುಗಳ ಮನೆಗಳು. ಸೆಗಣಿ ಬಾಚಿ, ಹುಲ್ಲು ಹೊತ್ತು, ಹಾಲು ಕರೆಯುವ ಕೈಗಳು ಬಹುಪಾಲು ಹೆಂಗಸರವು. 400 ಹಸುಗಳ ತೋಟದೊಡನೆ ಎರಡು ಹಸುಗಳ ಕೊಟ್ಟಿಗೆಯನ್ನು ಒಂದೇ ಓಟಕ್ಕೆ ನಿಲ್ಲಿಸಿ, ಗೆದ್ದವರು ಉಳಿಯಲಿ ಎನ್ನುವುದನ್ನು ಮುಕ್ತ ಸ್ಪರ್ಧೆಯೆಂದು ಕರೆಯಲಾಗದು. ಮುಂದೆ ಬರುವ ಪ್ರತಿ ವ್ಯಾಪಾರ ಒಪ್ಪಂದದ ಮೇಜಿನಲ್ಲಿಯೂ ಈ ಮಾತನ್ನು ಮತ್ತೆ ಹೇಳಬೇಕಾಗುತ್ತದೆ. ಅದನ್ನು ಹೇಳುವ ಬಲ ದೆಹಲಿಗೆ ಬರುವುದು, ಊರಿನ ಸಂಘಗಳು ಸರಿಯಾಗಿ ನಡೆದು, ಊರಿನ ಹಾಲು ಒಳ್ಳೆಯದಾಗಿದ್ದು, ಊರಿನ ಮಕ್ಕಳು ಅದನ್ನು ಕುಡಿದಾಗ.